ಬೆರಳು ನಿಂತ ಮೇಲೂ

"ಬೆರಳು ನೋಡ್ರಿ. ತಲಿ ಹೊಳ್ಳಿಸಬ್ಯಾಡ್ರಿ, ಬರೇ ಕಣ್ಣು."

ಹುಲ್ಲಪ್ಪನ ತೋರುಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಇಂದ್ರವ್ವನ ಕಣ್ಣುಗಳು ಅದರ ಬೆನ್ನಿಗೇ ಹೋದವು. ಬೆರಳು ನಿಂತ ಮೇಲೂ ಅವನು ನೋಡುತ್ತಲೇ ಇದ್ದ.

"ಯಪ್ಪಾ, ಚಾ ಆರತೈತಿ," ಎಂದಳು ತಾಯಿ ಮಾಯವ್ವ, ಒಳಗಿನಿಂದ.

ಅದು ಎಂಬತ್ತೆರಡನೇ ಇಸವಿ. ಮೂರ್ಛೆರೋಗಕ್ಕೆ ಎರಡು ಗುಳಿಗೆಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ದೊಡ್ಡ ದವಾಖಾನೆಯವರು ಇಳಕಲ್ಲಿನಲ್ಲಿ ಅಧ್ಯಯನ ನಡೆಸಿದ್ದರು. ತಿಂಗಳಿಗೊಮ್ಮೆ ಮನೆಮನೆಗೆ ಬಂದು ನೋಡಿಹೋಗುವವನು ಹುಲ್ಲಪ್ಪ. ಗುಳಿಗೆ ಮೈಗೆ ಹೆಚ್ಚಾದರೆ ಕಣ್ಣುಗುಡ್ಡೆ ಅದುರುತ್ತದಂತೆ, ಅದಕ್ಕೇ ಈ ಬೆರಳಾಟ. ಗುಳಿಗೆ ಶುರುವಾದಾಗಿನಿಂದ ಇಂದ್ರವ್ವ ಬಿದ್ದಿರಲಿಲ್ಲ. ಮಾಯವ್ವ ಅವಳನ್ನು ಮತ್ತೆ ಸೀರೆ ನೇಯುವ ಕುಣಿಮಗ್ಗಕ್ಕೆ ಇಳಿಸಿದ್ದಳು. ಆದರೂ, ಬಿದ್ದರೆ ಅಂಗೈಯಲ್ಲಿಡಲು ಇರಲೆಂದು ಕಬ್ಬಿಣದ ಕೀಲಿಕೈಯೊಂದನ್ನು ಮಗ್ಗಕ್ಕೆ ತೂಗುಹಾಕಿದ್ದಳು.

ಆದರೆ ಈ ಮನುಷ್ಯ ಇಷ್ಟು ಹೊತ್ತು ಏನು ಹುಡುಕುತ್ತಾನೆ?

ಅದೇ ಗುಳಿಗೆ ನುಂಗುವ ಪಕ್ಕದ ಓಣಿಯ ಜುಲೇಖಾಳನ್ನು ಇಂದ್ರವ್ವ ಕೇಳಿದಳು.

"ನನ್ನ ಮುಂದ? ನೊಣ ಹೊಡದಂಗ ಬೆರಳಾಡಿಸಿ ಹೋಗಿಬಿಡ್ತಾನವ್ವ. ಚಾ ಸುದ್ದಾ ಕುಡಿಯಂಗಿಲ್ಲ."

ಇಂದ್ರವ್ವ ಅದನ್ನೇ ಯೋಚಿಸುತ್ತ ಮನೆಗೆ ಬಂದಳು. ಹಾಗಾದರೆ ರೋಗ ತನ್ನಲ್ಲೇ ಬೆಳೆಯುತ್ತಿದೆ. ಅವನಿಗೆ ಗೊತ್ತು, ಹೇಳುತ್ತಿಲ್ಲ.

ಮುಂದಿನ ತಿಂಗಳು ಬಂದ ಹುಲ್ಲಪ್ಪ ಕುಳಿತುಕೊಳ್ಳಲೇ ಇಲ್ಲ. "ಇನ್ನ ಮ್ಯಾಲ ಈ ಮನಿಗೆ ಸಿಸ್ಟರ್ ಬರ್ತಾರ್ರಿ."

"ಜುಲೇಖಾನ ಮನಿಗೂ ಅವರೇನು?"

"ಇಲ್ರಿ. ಅಲ್ಲಿಗೆ ನಾನ."

ಇಂದ್ರವ್ವ ಲಾಳಿ ಕೆಳಗಿಟ್ಟಳು. "ಖರೆ ಹೇಳ್ರಿ. ನನ್ನ ಬ್ಯಾನಿ ಹೆಚ್ಚಾಗೇತಿ, ಹೌದಿಲ್ಲೊ? ನಾಳಿ ಅವ್ವ ಮಗ್ಗದಿಂದ ಎಬ್ಬಿಸೂದಕಿಂತ ಇವತ್ತ ನಾನ ಏಳ್ತೇನಿ."

"ಏಳಬ್ಯಾಡ್ರಿ. ನಿಮ್ಮ ಕಣ್ಣು ಚೊಲೋ ಅದಾವ."

"ಮತ್ತ ಅಷ್ಟೊತ್ತು ಏನು ನೋಡ್ತಿದ್ರಿ?"

ಹುಲ್ಲಪ್ಪ ಕೀಲಿಕೈಯನ್ನು ನೋಡಿದ, ನೆಲ ನೋಡಿದ. "ಮೊದಲ ಅದುರತಾವೇನಂತ ನೋಡ್ತಿದ್ದೆ. ಆಮ್ಯಾಲ ಅದನ್ನ ನೋಡೂದ ಮರತ ಹೋತು. ಡಾಕ್ಟರ್ ಮುಂದ ಹೇಳಿದೆ, ಆ ಕಣ್ಣು ನಾ ನೋಡಿದ್ರ ನಿಮ್ಮ ಕೆಲಸ ಕೆಡತೈತಿ, ಬ್ಯಾರೇದವರನ್ನ ಕಳಸ್ರಿ ಅಂತ."

"ಅವರೇನಂದ್ರು?"

"ನಕ್ರು. ಸಿಸ್ಟರ್‌ನ ನಾ ಕಳಸ್ತೇನಿ, ನಿಮ್ಮ ಹಿರಿಯರನ್ನ ನೀ ಕಳಸು ಅಂದ್ರು."

ಇಂದ್ರವ್ವನಿಗೆ ಇನ್ನೂ ನಂಬಿಕೆ ಬರಲಿಲ್ಲ. "ನಾ ಬೀಳಾಕಿ."

"ಬಿದ್ರ ಒಂದ ಮಗ್ಗಲಕ್ಕ ಮಲಗಿಸಿ, ಎಚ್ಚರಾಗೂಮಟ ಬಾಜೂಕ ಕೂಡ್ತೇನಿ. ಕೀಲಿಕೈ ಬೇಕಾಗಂಗಿಲ್ಲ."

ಅವಳು ನೂಲಿನ ಕೆಂಪು ಬಣ್ಣ ಹತ್ತಿದ ಬೆರಳನ್ನು ಅವನ ಮುಖದ ಮುಂದೆ ಎತ್ತಿದಳು. "ಬೆರಳು ನೋಡ್ರಿ. ಬರೇ ಕಣ್ಣು."

ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವನ ಕಣ್ಣುಗಳು ಅದರ ಜೊತೆ ಹೋಗಲೇ ಇಲ್ಲ. ಅವಳ ಮುಖದಲ್ಲೇ ನಿಂತಿದ್ದವು.

ಇಂದ್ರವ್ವ ಬೆರಳು ಇಳಿಸಿದಳು. "ಅವ್ವಾ, ಇವರ ಹಿರಿಯರು ಯಾವಾಗ ಬರ್ತಾರಂತ ನೀನ ಕೇಳು."

"ಕೇಳ್ತೇನಿ," ಎಂದಿತು ಒಳಗಿನ ದನಿ. "ಮೊದಲ ಆ ಚಾ ಒಮ್ಮೆರ ಬಿಸಿ ಇದ್ದಾಗ ಕುಡೀ ಅನ್ನು."