ಮೇಜಿನ ಮೇಲಿನ ಎಕ್ಸ್‌ಚೇಂಜ್

ತದಡಿ ಬಂದರಿನ ಮೀನುಗಾರರ ಸಂಘದ ಕಚೇರಿಯಲ್ಲಿ ಸಾಧಾರಣ ಕಂಪ್ಯೂಟರೊಂದು ಇಡೀ ಊರಿನ ಮಾತನ್ನು ಹೊತ್ತು ನಡೆಸುತ್ತಿತ್ತು. ಹೊರಗೆ ಚಂಡಮಾರುತ. ಮುಂಜಾನೆಯೇ ದೂರದ ಸರ್ವರ್ ಭವನಕ್ಕೆ ಹೋಗುವ ಕೇಬಲ್ಲು ಹರಿದು ಕರಾವಳಿಯ ಫೋನುಗಳೆಲ್ಲ ಸತ್ತಿದ್ದವು. ತದಡಿಯವು ಮಾತ್ರ ರಿಂಗಣಿಸುತ್ತಿದ್ದವು. ಪರದೆಯ ಮೇಲೆ ಒಂದೊಂದು ಕರೆಗೆ ಒಂದೊಂದು ಹಸಿರು ಗೆರೆ. ವಸುಧಾ ತಾಂಡೇಲ ಕುರ್ಚಿಯಲ್ಲಿ ಕೂರಲಾರದೆ ಕಿಟಕಿಗೂ ಮೇಜಿಗೂ ನಡುವೆ ತಿರುಗಾಡುತ್ತಿದ್ದಳು.

ಆ ಕಂಪ್ಯೂಟರಿನಲ್ಲಿ ಓಡುತ್ತಿದ್ದ ತಂತ್ರಾಂಶ ಅವಳದು. ಇಪ್ಪತ್ತೊಂದನೆಯ ಶತಮಾನದ ನಡುಭಾಗದ ಹೊತ್ತಿಗೆ ಒಂದು ಫೋನನ್ನು ಇನ್ನೊಂದಕ್ಕೆ ಜೋಡಿಸುವ ಕೆಲಸವೆಲ್ಲ ದೂರದ ಸರ್ವರುಗಳ ಪಾಲಾಗಿತ್ತು. ಪಕ್ಕದ ಮನೆಗೆ ಮಾಡಿದ ಕರೆಯೂ ಅಲ್ಲಿಗೆ ಹೋಗಿಯೇ ಬರಬೇಕು. ಆ ಸರ್ವರಿನ ತಂತ್ರಾಂಶವನ್ನು ಮೇಜಿನ ಕಂಪ್ಯೂಟರಿನಲ್ಲಿ ಓಡಿಸಲು ಹಲವರು ಹೆಣಗಿದ್ದರು. ಕಂಪ್ಯೂಟರಿಗೆ ಸರ್ವರಿನ ವೇಷ ಕಟ್ಟಿ ಕುಣಿಸುತ್ತಿದ್ದರು. ವೇಷದ ಭಾರಕ್ಕೇ ಯಂತ್ರ ಬಸವಳಿದು ಕೂರುತ್ತಿತ್ತು. ವಸುಧಾ ಆ ವೇಷವನ್ನೇ ಕಳಚಿ, ಕಂಪ್ಯೂಟರಿನ ಸಾಧಾರಣ ಚಿಪ್‌ಗೆ ನೇರವಾಗಿ ತಿಳಿಯುವ ಅದರದೇ ಭಾಷೆಯಲ್ಲಿ, ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜನ್ನು ಹೊಸದಾಗಿ ಬರೆದಿದ್ದಳು. ಊರಿನ ಟವರುಗಳ ಕರೆಗಳೆಲ್ಲ ಈಗ ಅವಳ ಮೇಜಿಗೆ ಬಂದು ಸೇರುತ್ತಿದ್ದವು.

ಸಂಘದ ಅಧ್ಯಕ್ಷ ದಾಮೋದರ ಹರಿಕಂತ್ರ ಒದ್ದೆ ಮೈಯಲ್ಲೇ ಒಳಗೆ ಬಂದ. "ಅಕ್ಕೋರೇ, ದೋಣಿಯವ್ರಿಗೆ ಲೈನೇ ಸಿಗ್ತಿಲ್ಲ. ಹೊಳೆ ಕಡಲು ಸೇರೂ ಅಳಿವೆಯಲ್ಲಿ ಮರಳಿನ ದಿಬ್ಬ ಜಾಗ ಬದಲ್ಸಿದೆ. ಹೇಳದೇ ಇದ್ರೆ ಹಳೇ ದಾರಿಯಲ್ಲೇ ನುಗ್ಗಿ ಬರ್ತಾರೆ."

ವಸುಧಾ ಪರದೆ ನೋಡಿದಳು. ಊರಿನವರೆಲ್ಲ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು, ಗೆರೆಗಳು ಕಿಕ್ಕಿರಿದು ಹೊಸ ಕರೆಗೆ ಜಾಗವೇ ಇರಲಿಲ್ಲ.

"ದೋಣಿಗೆ ದಾರಿ ಬಿಡ್ಬೇಕು ಅಂದ್ರೆ ಉಳಿದವ್ರದ್ದು ಕತ್ತರಿಸ್ಬೇಕು, ದಾಮೋದರಣ್ಣ."

"ಕತ್ತರಿಸಿ. ಮಾತಾಡೂದು ನಾಳೆನೂ ಆಗ್ತದೆ."

ಕಡಲಿನಲ್ಲಿ ಅವನ ಅಳಿಯನೂ ಇದ್ದ. ವಸುಧಾ ಕೀಲಿಮಣೆಯ ಮುಂದೆ ಕೂತಳು. ಆಸ್ಪತ್ರೆಯ ಲೈನು ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಕತ್ತರಿಸಿದಳು. ಹಸಿರು ಗೆರೆಗಳು ಒಮ್ಮೆಲೇ ಅಳಿಸಿಹೋದವು. ಅಷ್ಟು ಸುಲಭವಾಗಿ ಆಗಿಹೋಯಿತಲ್ಲ ಎಂದುಕೊಂಡಳು. ದಾಮೋದರ ಅಲ್ಲೇ ನಿಂತು ದೋಣಿ ದೋಣಿಗೂ ಫೋನಿನಲ್ಲಿ ಕೂಗಿ ದಾರಿ ಹೇಳಿದ. ಸಂಜೆಯೊಳಗೆ ದೋಣಿಗಳೆಲ್ಲ ದಡ ಮುಟ್ಟಿದವು. ಬಂದರಿನ ಹೆಂಗಸರು ವಸುಧಾಳ ಕೈ ಹಿಡಿದು ಅತ್ತರು.

ಗಾಳಿ ಇಳಿದ ಮೇಲೆ ಸರಿತಾ ಗಾಂವ್ಕರ್ ಎಂಬ ಹೊಲಿಗೆ ಕೆಲಸದ ಹೆಂಗಸು ಕಚೇರಿಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು, "ಫೋನು ಕತ್ತರಿಸಿದ್ದು ನೀವಾ?"

"ಹೌದು."

"ಅಪ್ಪಂಗೆ ಅದೇ ಹೊತ್ತಿಗೆ ಲಕ್ವ ಹೊಡೀತು."

"ಆಸ್ಪತ್ರೆ ಲೈನು ಇಟ್ಟಿದ್ದೆನಲ್ಲ..."

"ಆಸ್ಪತ್ರೆ ಗಾಡಿ ಬಿದ್ದ ಮರದ ಆಚೆ ನಿಂತಿತ್ತು. ಈಚೆ ಕೇರಿಯಲ್ಲಿ ತಮ್ಮನ ಜೀಪಿತ್ತು. ಅವಂಗೆ ಫೋನು ಮಾಡ್ತಾನೇ ಇದ್ದೆ. ಕಡೆಗೆ ಮಳೆಯಲ್ಲಿ ಅವನ ಮನೆಗೆ ಓಡಿದೆ. ಅಪ್ಪಂಗೆ ಈಗ ಮಾತಿಲ್ಲ."

ಬದುಕಿ ಬಂದ ದೋಣಿಯವರ ಲೆಕ್ಕವನ್ನು ವಸುಧಾ ಹೇಳಬಹುದಿತ್ತು. ಅದರ ಬದಲು ಕುರ್ಚಿಯನ್ನು ಸರಿತಾಳತ್ತ ಸರಿಸಿದಳು.

"ಬೈಯೂಕೆ ಬಂದದ್ದಲ್ಲ," ಎಂದಳು ಸರಿತಾ. "ಮೊದಲೂ ಎಷ್ಟೋ ಸಲ ಫೋನು ಹತ್ತಿಲ್ಲ. ಆಗ ಯಾರನ್ನ ಕೇಳ್ಬೇಕು ಅಂತಲೇ ಗೊತ್ತಿರ್ಲಿಲ್ಲ. ಈಗ ನೀವಿದ್ದೀರಿ. ಅದ್ಕೇ ಕೇಳ್ತಿದ್ದೇನೆ."

ಅಂದಿನಿಂದ ವಸುಧಾಳಿಗೆ ನಿದ್ದೆ ಹತ್ತಲಿಲ್ಲ. ಬೇರೆ ಊರುಗಳವರು ತಂತ್ರಾಂಶ ಕೊಡಿ ಎಂದು ಕರೆಯ ಮೇಲೆ ಕರೆ ಮಾಡುತ್ತಿದ್ದರು. ಅವಳು ಯಾರಿಗೂ ಕೊಡದೆ ಊರಿನ ಸಭೆ ಕರೆದಳು. ಇಕ್ಕಟ್ಟಿನಲ್ಲಿ ಯಾರ ಕರೆ ಮೊದಲು, ಯಾರದ್ದು ಆಮೇಲೆ ಎಂಬುದನ್ನು ನೀವೇ ಗೊತ್ತು ಮಾಡಿ ಎಂದಳು. ದೋಣಿಯವರು ದೋಣಿ ಅಂದರು, ಮಕ್ಕಳ ತಾಯಂದಿರು ಶಾಲೆ ಅಂದರು. ಮಾತು ಜಗಳಕ್ಕೆ ತಿರುಗಿತು.

ದಾಮೋದರ ಬೇಸತ್ತ. "ಎಂತಕ್ಕೆ ಈ ರಗಳೆ, ಅಕ್ಕೋರೇ? ಹಿಂದೆಲ್ಲ ಇದನ್ನ ಯಾರು ತೀರ್ಮಾನ ಮಾಡ್ತಿದ್ರು?"

"ಆಗಲೂ ಯಾರೋ ಮಾಡ್ತಿದ್ರು, ದಾಮೋದರಣ್ಣ. ನಮ್ಮನ್ನ ಕೇಳ್ತಿರ್ಲಿಲ್ಲ, ಅಷ್ಟೇ."

ಹಿಂದಿನ ಸಾಲಿನಿಂದ ಸರಿತಾ ಎದ್ದಳು.

"ಯಾರದ್ದು ಮೊದಲು ಅನ್ನೂದು ಆಮೇಲೆ ಇರ್ಲಿ. ಕತ್ತರಿಸೂಕೆ ಮುಂಚೆ ಎಲ್ಲರ ಫೋನಿಗೂ ಹೇಳ್ಬೇಕು, ಕತ್ತರಿಸುವವರು ಯಾರು, ಎಂತಕ್ಕೆ ಅಂತ. ಅಷ್ಟು ಗೊತ್ತಾಗಿದ್ರೆ ನಾನು ಮೊದಲೇ ಓಡ್ತಿದ್ದೆ."

ಆ ಒಂದು ಮಾತಿಗೆ ಮಾತ್ರ ಯಾರೂ ಎದುರಾಡಲಿಲ್ಲ.