ಧ್ರುವದಳಕ್ಕೆ ಎರಡನೆಯ ಕೊನೆ

“ಈ ಕೊನೆ ಸುಳ್ಳು!”

ಮೈಕ್ ಹಿಡಿದು ನಿಂತಿದ್ದ ಯಶ್ಮಿತಾಳ ಮುಖದ ನಗು ಅಲ್ಲೇ ಹೆಪ್ಪುಗಟ್ಟಿತು.

ಉಡುಪಿಯ ಆ ಸಣ್ಣ ಸಭಾಂಗಣದಲ್ಲಿ ಅಂದು ಕಥೆಗಳ ಆ್ಯಪ್ ಒಂದರ ಓದುಗರ ಕೂಟ. ಎಂಬತ್ತು ಮಂದಿ ಬಂದಿದ್ದರು. ಎಲ್ಲರೂ ಬಂದದ್ದು ಅವಳಿಗಾಗಿ, ಅವಳ ‘ಧ್ರುವದಳ’ ಎಂಬ ಧಾರಾವಾಹಿಗಾಗಿ!

ಕಾಪುವಿನ ಹುಡುಗಿ ಯಶ್ಮಿತಾ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಕೂತು ನಾಲ್ಕು ವರ್ಷ ಅದನ್ನು ಬರೆದಿದ್ದಳು. ನಕ್ಷತ್ರಗಳ ನಡುವೆ ನಡೆಯುವ ಮಹಾಯುದ್ಧದ ಕಥೆ. ಇನ್ನೂರ ಹನ್ನೆರಡು ಅಧ್ಯಾಯ. ‘ಮಾರುತ’ ಎಂಬ ಯುದ್ಧನೌಕೆಯ ಸೇನಾನಿ ತಾರಿಣಿ ಅದರ ನಾಯಕಿ. ಹೋದ ವಾರವಷ್ಟೇ ಕೊನೆಯ ಅಧ್ಯಾಯ ಬಂದಿತ್ತು. ಯುದ್ಧ ಗೆದ್ದ ತಾರಿಣಿ ನೌಕೆಯನ್ನು ಪ್ರಿಯಕರನ ಕೈಗೊಪ್ಪಿಸಿ, ಮದುವೆಯಾಗಿ ಮನೆ ಸೇರಿದ್ದಳು.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತಿದ್ದ. ಎತ್ತರದ ಆಳು, ಬಿಸಿಲಿಗೆ ಕಪ್ಪಾದ ಮುಖ.

“ಯಾರು ನೀವು?” ಅವಳ ಧ್ವನಿ ಗಡಸಾಗಿತ್ತು.

“ಪ್ರಖ್ಯಾತ್. ಕಾರ್ಕಳ. ಒಂದೇ ಪ್ರಶ್ನೆ ಮೇಡಂ. ಆ ಮಂಜಿನ ಲೋಕ ಹಿಮಚಂದ್ರದಲ್ಲಿ ಸಿಕ್ಕಿಬಿದ್ದ ಮೂವತ್ತೇಳು ಸೈನಿಕರು ಎಲ್ಲಿ ಹೋದರು? ಬಂದು ಕರ್ಕೊಂಡು ಹೋಗ್ತೇನೆ ಅಂತ ತಾರಿಣಿ ಮಾತು ಕೊಟ್ಟಿದ್ದಳು. ಕೊನೆಗೆ ನೋಡಿದ್ರೆ ಮದುವೆ ಸೀರೆ ಆರಿಸ್ತಾ ಕೂತಿದ್ದಾಳೆ!”

ಸಭೆ ಗೊಳ್ಳೆಂದು ನಕ್ಕಿತು. ಯಶ್ಮಿತಾಳ ಕಿವಿ ಬಿಸಿಯಾಯಿತು.

“ಇಷ್ಟ ಆಗದಿದ್ರೆ ಓದಬೇಡಿ! ನಾಲ್ಕು ವರ್ಷ ಬರೆದದ್ದು ನಾನು, ನೀವಲ್ಲ!”

“ಹೌದು,” ಎಂದ ಅವನು ಮೆಲ್ಲಗೆ. “ನೀವೇ ಬರೆದದ್ದು. ಅದಕ್ಕೇ ಬೇಸರ.”

ಅಷ್ಟು ಹೇಳಿ ಹೊರಟೇ ಹೋದ.

ಅವಳು ಮೈಕನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟಿಗೆ ಮಾತ್ರವಲ್ಲ... ಅವನು ಹೇಳಿದ್ದು ನಿಜ ಎಂದು ಅವಳಿಗೆ ಗೊತ್ತಿತ್ತು. ಆ್ಯಪ್‌ನ ಸಂಪಾದಕಿ ನಿಖಿತಾ ಬೆಂಗಳೂರಿನಿಂದ ಪದೇ ಪದೇ ಫೋನ್ ಮಾಡಿದ್ದಳು. “ಓದುಗರಿಗೆ ಮದುವೆ ಬೇಕು ಯಶ್ಮಿತಾ. ಆ ಸೈನಿಕರ ಕಥೆ ಯಾರಿಗೆ ನೆನಪಿರುತ್ತೆ? ಬಿಟ್ಟುಬಿಡಿ.”

ಅವಳು ಬಿಟ್ಟುಬಿಟ್ಟಿದ್ದಳು.

ಮರುದಿನದಿಂದ ‘ಧ್ರುವದಳ’ದ ಕೆಳಗೆ ಬೈಗುಳಗಳ ಸುರಿಮಳೆ. ಒಂದೊಂದೇ ನಕ್ಷತ್ರದ ರೇಟಿಂಗ್. ‘ಹೆಂಗಸರು ಯುದ್ಧದ ಕಥೆ ಬರೆದರೆ ಹೀಗೇ’ ಎಂದು ಒಬ್ಬ. ‘ಅಡುಗೆ ಬಗ್ಗೆ ಬರಿ’ ಎಂದು ಇನ್ನೊಬ್ಬ. ಅವುಗಳ ನಡುವೆ ಸಭೆಯಲ್ಲಿ ಕೇಳಿದ್ದ ಅದೇ ಪ್ರಶ್ನೆ. ಬರೆದವನ ಹೆಸರು: ‘ಕಾರ್ಕಳದವ’.

ಕಾರ್ಕಳದವ! ನಾಲ್ಕು ವರ್ಷದಿಂದ ಪ್ರತಿ ಅಧ್ಯಾಯಕ್ಕೂ ಪ್ರೀತಿಯಿಂದ ಉದ್ದುದ್ದ ಬರೆಯುತ್ತಿದ್ದವನು. ವಾರವಿಡೀ ಅವಳು ಕಾಯುತ್ತಿದ್ದದ್ದು ಅವನ ನಾಲ್ಕು ಮಾತಿಗಾಗಿ. ಅವನೇ ಇವನಾ? ಈ ಜನರನ್ನೆಲ್ಲ ನನ್ನ ಮೇಲೆ ಎತ್ತಿಕಟ್ಟಿದ್ದೂ ಇವನೇನಾ?

ಕಣ್ಣೊರೆಸಿಕೊಂಡು ಅವನನ್ನು ಬ್ಲಾಕ್ ಮಾಡಿದಳು. ಮತ್ತೆ ಆ ಪುಟ ತೆರೆಯಲೇ ಇಲ್ಲ.

ಹತ್ತು ದಿನ ಕಳೆಯಿತು. ಬೆಳಗ್ಗೆ ಲ್ಯಾಬಿನಲ್ಲಿ ರಕ್ತ ಕೊಡಲು ಐವತ್ತೈದು ದಾಟಿದವರೊಬ್ಬರು ಕೂತಿದ್ದರು. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಎರಡು ಸಲ ಓದಿದರು.

“ನೀವು ಧ್ರುವದಳದ ಯಶ್ಮಿತಾ ಅಲ್ವಾ? ಆ್ಯಪ್‌ನಲ್ಲಿ ಫೋಟೋ ನೋಡಿದ್ದೆ.”

‘ಇವರೂ ಬೈಯುತ್ತಾರೆ...’ ಎಂದುಕೊಂಡಳು. “ಮುಷ್ಟಿ ಹಿಡಿಯಿರಿ.”

“ನಾನು ಲಿಯೋನೆಲ್, ಕಲ್ಯಾಣಪುರ. ಹಡಗಿನಲ್ಲಿ ಕುಕ್ ಆಗಿದ್ದೆ. ನಮ್ಮನ್ನು ಬದುಕಿಸಿದ್ದೇ ನಿಮ್ಮ ಕಥೆ ಮಾರಾಯ್ರೆ!”

ಅವಳು ತಲೆಯೆತ್ತಿದಳು.

“ಹೋದ ವರ್ಷ ನಮ್ಮ ಹಡಗನ್ನು ಮಾಲೀಕ ಕೈಬಿಟ್ಟ. ಯಾವುದೋ ದೇಶದ ಬಂದರಿನ ಹೊರಗೆ ಐದು ತಿಂಗಳು. ಇಳಿಯುವಂತಿಲ್ಲ, ಸಂಬಳ ಇಲ್ಲ, ಕುಡಿಯುವ ನೀರು ದಿನಕ್ಕೆ ಎರಡು ಲೋಟ. ಹನ್ನೊಂದು ಜನ. ನಮ್ಮ ಥರ್ಡ್ ಎಂಜಿನಿಯರ್ ಸಿಗ್ನಲ್ ಸಿಕ್ಕಾಗ ನಿಮ್ಮ ಅಧ್ಯಾಯ ಓದಿ ಎಲ್ಲರಿಗೂ ಹಿಂದಿಯಲ್ಲಿ ಹೇಳ್ತಿದ್ದ. ಹಿಮಚಂದ್ರದ ಸೈನಿಕರು ಅಂದ್ರೆ ನಾವೇ ಅಂತ ನಮಗೆ. ತಾರಿಣಿ ಬರ್ತಾಳೆ, ಬರ್ತಾಳೆ ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ತಿದ್ದೆವು...”

“ಆ ಎಂಜಿನಿಯರ್ ಹೆಸರು?”

“ಪ್ರಖ್ಯಾತ್. ಕಾರ್ಕಳದ ಹುಡುಗ.”

ಅವಳು ಸಿರಿಂಜನ್ನು ಮೇಜಿನ ಮೇಲಿಟ್ಟಳು.

“ಅವರೇ ಅಲ್ವಾ... ಜನರ ಹತ್ರ ನನ್ನನ್ನು ಬೈಸಿದ್ದು?”

“ಅವನಾ?” ಲಿಯೋನೆಲ್ ಬೆರಗಾದರು. “ಆ ಬೈದವರ ಜೊತೆ ಎಷ್ಟು ಜಗಳ ಮಾಡಿದ್ದಾನೆ! ‘ಕಥೆಯನ್ನು ಪ್ರಶ್ನೆ ಮಾಡಿ, ಬರೆದವರ ಬಗ್ಗೆ ಒಂದು ಮಾತು ಆಡಬೇಡಿ’ ಅಂತ. ನೀವು ನೋಡ್ಲೇ ಇಲ್ವಾ?”

ಹೇಗೆ ನೋಡಿಯಾಳು? ಅವನ ಮಾತೇ ಕಾಣದ ಹಾಗೆ ಅವಳೇ ಬಾಗಿಲು ಹಾಕಿಕೊಂಡಿದ್ದಳಲ್ಲ!

ಮಧ್ಯಾಹ್ನ ಊಟಕ್ಕೂ ಹೋಗದೆ ನಿಖಿತಾಗೆ ಫೋನ್ ಮಾಡಿದಳು. “ನಾನು ಕೊನೆಯನ್ನು ಬದಲಾಯಿಸ್ತೇನೆ.”

“ತಲೆ ಕೆಟ್ಟಿದೆಯಾ? ಮುಂದಿನದು ತಾರಿಣಿಯ ಸಂಸಾರದ ಕಥೆ ಅಂತ ಒಪ್ಪಂದ ಆಗಿದೆ. ಅದು ರದ್ದಾಗುತ್ತೆ.”

“ಆಗಲಿ.”

“ಮೊದಲ ಪುಟದಿಂದ ನಿಮ್ಮ ಹೆಸರು ತೆಗೀತೀವಿ.”

“ತೆಗೆಯಿರಿ. ಬೇಕಾದ್ರೆ ಆ್ಯಪ್‌ನಿಂದಲೇ ತೆಗೆಯಿರಿ, ನಾನು ಬೇರೆ ಕಡೆ ಹಾಕ್ತೇನೆ. ಆದರೆ ನನ್ನ ತಾರಿಣಿ ಕೊಟ್ಟ ಮಾತು ತಪ್ಪುವವಳಲ್ಲ. ತಪ್ಪಿಸಿದ್ದು ನಾನು. ಇನ್ನು ತಪ್ಪಿಸುವುದಿಲ್ಲ!”

ಹನ್ನೊಂದು ದಿನ ಬರೆದಳು. ‘ಯುದ್ಧ ಮುಗಿದಿದೆ, ಮರಳಿ ಬಾ’ ಎಂದು ಮಹಾದಂಡನಾಯಕ ಆಜ್ಞೆ ಮಾಡುತ್ತಾನೆ. ‘ನನ್ನವರು ಇನ್ನೂ ಅಲ್ಲಿದ್ದಾರೆ’ ಎಂದು ತಾರಿಣಿ ನೌಕೆಯನ್ನು ತಿರುಗಿಸುತ್ತಾಳೆ. ಅದನ್ನು ಯಾರ ಕೈಗೂ ಒಪ್ಪಿಸುವುದಿಲ್ಲ. ಹಿಮಚಂದ್ರದಲ್ಲಿ ಬದುಕಿ ಉಳಿದವರು ಮೂವತ್ತೊಂದು ಮಂದಿ. ಸತ್ತ ಆರು ಜನರ ಹೆಸರನ್ನು ತಾರಿಣಿ ಮಂಜಿನ ಮೇಲೆ ನಿಂತು ಒಂದೊಂದಾಗಿ ಕೂಗುತ್ತಾಳೆ...

ಆ್ಯಪ್‌ನಲ್ಲಿ ಹೊಸ ಕೊನೆ ಬಂದ ದಿನವೇ ಅರ್ಧಕ್ಕರ್ಧ ಓದುಗರು ಮುನಿದರು. ‘ಮದುವೆ ಎಲ್ಲಿ?’ ಎಂದು ನೂರಾರು ಮಂದಿ ಕೇಳಿದರು. ಯಶ್ಮಿತಾ ಎಲ್ಲರಿಗೂ ಸೇರಿಸಿ ಒಂದೇ ಸಾಲು ಬರೆದಳು: ‘ತಾರಿಣಿಗೆ ಬೇರೆ ಕೆಲಸ ಇತ್ತು.’

ಬ್ಲಾಕ್ ತೆಗೆದು ಮೂರು ದಿನ ಕಾದಳು. ಕಾರ್ಕಳದವನ ಸುಳಿವಿಲ್ಲ. ಅಂದು ಲ್ಯಾಬಿನಲ್ಲಿ ನಂಬರ್ ಕೊಟ್ಟು ಹೋಗಿದ್ದ ಲಿಯೋನೆಲ್‌ಗೆ ಫೋನ್ ಮಾಡಿದಾಗ ತಿಳಿಯಿತು. “ಅವನು ಆ್ಯಪ್ ತೆಗೆದೇ ಹಾಕಿದ್ದಾನೆ. ಭಾನುವಾರ ಹೋಗ್ತಾನೆ, ಹೊಸ ಹಡಗು. ನಂಬರ್ ಕೊಡ್ತೇನೆ, ಬರ್ಕೊಳ್ಳಿ.”

ಶನಿವಾರ ಡ್ಯೂಟಿ ಮುಗಿಸಿ ಮಣಿಪಾಲದಲ್ಲಿ ಕಾರ್ಕಳದ ಬಸ್ಸು ಹತ್ತಿದಳು. ಹಿರಿಯಡ್ಕ ದಾಟುವಾಗ ಪ್ರಖ್ಯಾತ್‌ಗೆ ಫೋನ್ ಮಾಡಿ, “ನಾನು ಯಶ್ಮಿತಾ. ನಿಮ್ಮೂರಿನ ಆನೆಕೆರೆಯ ಹತ್ರ ಬನ್ನಿ,” ಎಂದಷ್ಟೇ ಹೇಳಿ ಇಟ್ಟಳು.

ಅವನು ಅವಳಿಗಿಂತ ಮೊದಲೇ ಬಂದು ನಿಂತಿದ್ದ.

“ಬೈಯಲು ಬಂದದ್ದಾ?”

“ಅಲ್ಲ. ಓದಿ.” ಮೊಬೈಲನ್ನು ಅವನ ಕೈಗಿಟ್ಟಳು.

ಅವನು ನಿಂತೇ ಓದತೊಡಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆರು ಹೆಸರುಗಳು ಬಂದವೋ ಏನೋ... ಅವನು ಕೆರೆಯ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟ.

“ಎಲ್ಲರನ್ನೂ ತರಲಿಲ್ಲ ನೀವು.”

“ತರಬಹುದಿತ್ತು. ಆಗ ಮತ್ತೆ ಸುಳ್ಳಾಗ್ತಿತ್ತು.”

ಅವನು ಆ ಆರು ಹೆಸರುಗಳನ್ನು ಮತ್ತೊಮ್ಮೆ ಓದಿದ. ಆಮೇಲೆ, “ಹನ್ನೊಂದು ಜನ ಇದ್ದೆವು. ಇಳಿದದ್ದು ಹತ್ತು. ಲಿಯೋನೆಲ್ ಅಂಕಲ್ ಅದನ್ನು ಯಾರಿಗೂ ಹೇಳುವುದಿಲ್ಲ,” ಎಂದ. “ನಾಲ್ಕನೇ ತಿಂಗಳಲ್ಲಿ ಒಬ್ಬರು ತೀರಿಹೋದರು. ಹೆಸರು ಸುಂದರ. ಕೊನೆಯ ದಿನವೂ ಕೇಳಿದ್ರು, ಮುಂದಿನ ಅಧ್ಯಾಯ ಬಂತಾ ಅಂತ...”

ಯಶ್ಮಿತಾ ಅವನ ಪಕ್ಕದಲ್ಲಿ ಕೂತಳು. ಅವಳ ಕಣ್ಣೂ ತುಂಬಿತ್ತು.

“ನಿಮ್ಮನ್ನು ಬ್ಲಾಕ್ ಮಾಡಿದ್ದು ತಪ್ಪು.”

“ನಾನು ಎಲ್ಲರ ಎದುರು ಹಾಗೆ ಹೇಳಬಾರದಿತ್ತು.”

“ಹೌದು, ಹೇಳಬಾರದಿತ್ತು!” ಎಂದಳು ಅವಳು. ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು.

ಅವನು ಮೊಬೈಲನ್ನು ಹಿಂದಿರುಗಿಸಿದ. ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ.

“ನಾಲ್ಕು ವರ್ಷ ನಿಮ್ಮ ಅಕ್ಷರವನ್ನು ಪ್ರೀತಿಸಿದೆ. ಬರೆದವರನ್ನೂ ಅಂತ ಆ ಸಭೆಯಲ್ಲಿ ಗೊತ್ತಾಯ್ತು, ನೀವು ನನ್ನ ಮೇಲೆ ಸಿಟ್ಟು ಮಾಡಿದಾಗ. ನಾಳೆ ಹೋಗ್ತೇನೆ, ಬರುವುದು ಆರು ತಿಂಗಳ ಮೇಲೆ.”

“ನಾನು ಬರೆಯುವುದನ್ನು ಬಿಡುವುದಿಲ್ಲ. ಯಾರಿಗಾಗಿಯೂ.”

“ಬಿಟ್ಟರೆ ನಾನೇ ಮೊದಲು ಜಗಳಕ್ಕೆ ಬರ್ತೇನೆ.” ಅವನು ತಡವರಿಸಿದ. “ಹೋಗುವ ಮೊದಲು... ಕಾಪುವಿಗೆ ಬಂದು ನಿಮ್ಮ ಮನೆಯವರ ಹತ್ರ ಕೇಳಲಾ?”

“ಎಂತ ಕೇಳುವುದು ಅವರ ಹತ್ರ?” ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. “ಮೊದಲು ನನ್ನನ್ನು ಕೇಳಿ.”

“ಯಶ್ಮಿತಾ... ನನ್ನ ಜೊತೆ ಇರ್ತೀರಾ?”

“ಇರ್ತೇನೆ,” ಎಂದಳು. ಅವನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಎದ್ದಳು. “ಈಗ ಬನ್ನಿ ಮನೆಗೆ. ಹೇಳುವುದು ನಾನು. ನೀವು ಪಕ್ಕದಲ್ಲಿ ನಿಂತ್ಕೊಂಡರೆ ಸಾಕು.”