ಮೇಸ್ತ್ರಿ ತಾತನ ಹಲ್ಲುನೋವು

"ಅಜ್ಜಿ, ನನಗ ಹೊಟ್ಟಿ ನೋಯ್ತೈತಿ. ಮನಿಗೆ ಹೋಗಾಣು ಬಾ."

"ಈಗಷ್ಟ ಬಂದೀವಿ. ಸುಮ್ನ ಕುಂದ್ರು," ಎಂದಳು ಸಾವಂತ್ರಮ್ಮಜ್ಜಿ.

ಗುರುಬಸಿಗೆ ನಿಜವಾಗಿ ಹೊಟ್ಟೆ ನೋಯುತ್ತಿರಲಿಲ್ಲ. ಭಯವಾಗಿತ್ತು, ಅಷ್ಟೆ.

ಅದು ಸಿರುಗುಪ್ಪದ ಅಕ್ಕಿ ಮಿಲ್ಲಿನ ಅಂಗಳ. ಬತ್ತ ಒಣಗಿಸುವ ಸಿಮೆಂಟ್ ನೆಲ ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು. ಮಿಲ್ಲಿನ ಪೂಜೆ ಮುಗಿದು ಎಲ್ಲರ ಕೈಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದಾಗಿತ್ತು. ಇನ್ನೇನು ಎರ್ರಣ್ಣನ ತಮಾಷೆ ಶುರುವಾಗಬೇಕು.

ಎರ್ರಣ್ಣ ವರ್ಷವಿಡೀ ಬಟ್ಟೆ ಹೊಲಿಯುವ ಟೇಲರ್. ಪೂಜೆಯ ದಿನ ಮಾತ್ರ ಸ್ಟೇಜ್ ಹತ್ತಿ ಊರಿನವರನ್ನೇ ಆಡಿ ತೋರಿಸುತ್ತಾನೆ. ಅವನಿಗಿಂತ ಮೊದಲು ಅವನಪ್ಪ ಮೂಕಪ್ಪ ಆಡುತ್ತಿದ್ದ. ಕತೆಗಾಗಿ ಇವರು ಎಲ್ಲೂ ಹುಡುಕುವುದಿಲ್ಲ. ಅಳತೆ ಕೊಡಲು ಬಂದವರ ಬಾಯಿಂದಲೇ ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಇದು ಊರಿಗೆಲ್ಲ ಗೊತ್ತು. ಆದರೂ ಜನ ಹೋಗಿ ಹೇಳಿಯೇ ಬರುತ್ತಾರೆ!

ಐದನೇ ಕ್ಲಾಸಿನ ನಮ್ಮ ಗುರುಬಸಿಯೂ ಹೇಳಿ ಬಂದಿದ್ದಳು. ಯೂನಿಫಾರ್ಮ್ ತರಲು ಹೋದಾಗ, "ಮನ್ಯಾಗ ಏನವ್ವಾ ಸಮಾಚಾರ?" ಎಂದು ಎರ್ರಣ್ಣ ಗುಂಡಿ ಹಚ್ಚುತ್ತ ಕೇಳಿದ್ದೇ ತಡ, ತಾತನ ಗುಟ್ಟು ಹೊರಗೆ ಬಿತ್ತು. ಬರೀ ಹೇಳಿದ್ದರೆ ಹೋಗಲಿ, ಆಡಿ ಬೇರೆ ತೋರಿಸಿದ್ದಳು.

ತಾತ ಅಂದರೆ ತಿಪ್ಪೇರುದ್ರಪ್ಪ, ಇದೇ ಮಿಲ್ಲಿನ ಮೇಸ್ತ್ರಿ. ಅವನು ಒಮ್ಮೆ ಕೆಮ್ಮಿದರೆ ಸಾಕು, ಹಮಾಲರ ಹರಟೆ ನಿಲ್ಲುತ್ತಿತ್ತು. ಅವನ ಮೀಸೆಯೋ, ಎರಡೂ ತುದಿ ಮೇಲಕ್ಕೆ! ಅದು ಹಾಗೆ ನಿಲ್ಲಲೆಂದು ತಾತ ಮಧ್ಯಾಹ್ನ ಮಲಗುವಾಗ ಅಜ್ಜಿಯ ಹಳೇ ಸೀರೆಯ ತುಂಡನ್ನು ಮೀಸೆಯ ಮೇಲೆ ಬಿಗಿದು ಕಟ್ಟಿಕೊಳ್ಳುತ್ತಿದ್ದ. ಇದು ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಹಾಲಿನ ಚಿನ್ನಪ್ಪ ಬಾಗಿಲು ಬಡಿದ. ನಿದ್ದೆಗಣ್ಣಿನ ತಾತ ಪಟ್ಟಿ ಬಿಚ್ಚದೆಯೇ ಬಾಗಿಲು ತೆಗೆದ.

"ಹಲ್ಲು ನೋವೇನ್ರಿ ಮೇಸ್ತ್ರಿ?"

ತಾತ ಇನ್ನೇನು ಹೇಳಿಯಾನು? "ಹೂಂ" ಎಂದುಬಿಟ್ಟ. ಸ್ವಲ್ಪ ಹೊತ್ತಿಗೆಲ್ಲ ಓಣಿಗೆ ಓಣಿಯೇ ಬಂತು. ಪಕ್ಕದ ಮನೆಯ ಪಾರಮ್ಮ ತಾತನ ಬಾಯಿಗೆ ಲವಂಗ ತುರುಕಿ, ಅಲ್ಲೇ ಕಾವಲು ಕೂತಳು. ಅಂದು ಮನೆಯಲ್ಲಿ ಬಿಸಿ ಬಿಸಿ ಮಿರ್ಚಿ. ಎಲ್ಲರೂ ತಿಂದರು. ತಾತನಿಗೆ ಮಾತ್ರ ಗಂಜಿ.

ಹೇಳುವಾಗ ಎಷ್ಟು ಮಜವಾಗಿತ್ತು! ಈಗ ನೋಡಿದರೆ ತಾತ ಮುಂದಿನ ಸಾಲಿನಲ್ಲಿ ಎದೆ ಸೆಟೆಸಿ ಕೂತಿದ್ದಾನೆ, ಹಿಂದೆ ಇಡೀ ಮಿಲ್ಲೇ ಇದೆ. ಇವರ ಮುಂದೆ ತಾತನ ಮರ್ಯಾದೆ ಏನಾಗಬೇಡ? ತಾತ ಇನ್ನು ತನ್ನನ್ನು ಮಾತಾಡಿಸುತ್ತಾನೋ ಇಲ್ಲವೋ? ದಿನಾ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುವ ತಾತ ಅವನು. ಗುರುಬಸಿಗೆ ಅಳು ಬಂತು. ಅಜ್ಜಿಯ ಕಿವಿಯಲ್ಲಿ ಎಲ್ಲ ಹೇಳಿದಳು.

"ಅಯ್ಯ ಶಿವನ! ಹೇಳೇ ಬಿಟ್ಟಿಯಾ?" ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೂಕಪ್ಪ ಇದ್ದಾಗ ನಮ್ಮತ್ತಿನ್ನ ಆಡಿ ತೋರಿಸಿದ್ದ. ಅಕಿ ಕಾಗಿ ಕೂಡ ಜಗಳಾಡೋದನ್ನ. ಸಾಯೋತನ ಅದನ್ನ ಹೇಳ್ಕೊಂಡು ನಗ್ತಿದ್ದಳು ನಮ್ಮತ್ತಿ."

"ತಾತಾನೂ ನಗ್ತಾನೇನು?"

"ಯಾರಿಗ್ಗೊತ್ತು ಮಗಾ? ನಿಮ್ಮ ತಾತನ್ನ ಇಲ್ಲೀತನ ಒಬ್ರೂ ಮುಟ್ಟಿಲ್ಲ. ಅಪ್ಪನೂ ಆಡ್ಲಿಲ್ಲ, ಮಗನೂ ಆಡ್ಲಿಲ್ಲ. ಎಲ್ಲಾರಿಗೂ ಹೆದರಿಕಿ."

ಅಷ್ಟರಲ್ಲಿ ಎರ್ರಣ್ಣ ಸ್ಟೇಜಿಗೆ ಬಂದೇಬಿಟ್ಟ. ಕರಿ ಉಣ್ಣೆಯ ದೊಡ್ಡ ಮೀಸೆ. ಹಲ್ಲು ನೋವಿನವರ ಹಾಗೆ ಗದ್ದದಿಂದ ನೆತ್ತಿಯವರೆಗೆ ಬಟ್ಟೆಯ ಪಟ್ಟಿ. ತಾತನ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು, ಎದೆ ಮುಂದೆ ಮಾಡಿ ನಡೆದ. ಒಮ್ಮೆ ಕೆಮ್ಮಿದ.

ಯಾರೂ ನಗಲಿಲ್ಲ. ಅವನು ಆಡುತ್ತಿರುವುದು ಯಾರನ್ನು ಎಂದು ಎಲ್ಲರಿಗೂ ತಿಳಿದಿತ್ತು. ಹಮಾಲರು ಒಗ್ಗರಣೆ ಅಗಿಯುವುದನ್ನೂ ನಿಲ್ಲಿಸಿ ಮೇಸ್ತ್ರಿಯ ಬೆನ್ನು ನೋಡುತ್ತ ಕೂತರು. ಎರ್ರಣ್ಣನ ಹಣೆಯಲ್ಲಿ ಬೆವರು ಕಾಣಿಸಿತು.

ತಾತ ಎದ್ದು ನಿಂತ.

"ಲೇ ಎರ್ರ, ನಿಲ್ಲಸ್ಲೇ!"

ಗುರುಬಸಿ ಅಜ್ಜಿಯ ತೊಡೆಯಲ್ಲಿ ಮುಖ ಹುದುಗಿಸಿದಳು. ತಾತನ ಚಪ್ಪಲಿ ಸ್ಟೇಜಿನ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.

"ಗದ್ದಕ್ಕ್ಯಾಕ ಕಟ್ಟೀಯಲೇ? ನನಗೇನು ಖರೇ ಹಲ್ಲು ನೋವಿತ್ತೇನು? ಮೀಸಿ ಮ್ಯಾಲ ಬರಬೇಕು, ಮೀಸಿ ಮ್ಯಾಲ! ಇತ್ತ ತಿರುಗು."

ಗುರುಬಸಿ ಮೆಲ್ಲಗೆ ಒಂದು ಕಣ್ಣು ತೆರೆದಳು. ತಾತ ಎರ್ರಣ್ಣನ ಪಟ್ಟಿ ಬಿಚ್ಚಿ, ಮೀಸೆಯ ಮೇಲೆ ಎಳೆದು, ತಲೆಯ ಹಿಂದೆ ಗಂಟು ಹಾಕುತ್ತಿದ್ದ. ಆಮೇಲೆ ಜನರ ಕಡೆ ತಿರುಗಿ ತನ್ನ ಮೀಸೆಯನ್ನೂ ಒಮ್ಮೆ ತಿರುವಿದ.

ಅಂಗಳ ಒಮ್ಮೆಲೇ ನಕ್ಕಿತು! ಮುದುಕರು ನಕ್ಕರು, ಹಮಾಲರು ಬಿದ್ದು ಬಿದ್ದು ನಕ್ಕರು, ಮಕ್ಕಳು ಕುಣಿದರು. ಎರ್ರಣ್ಣ ಲವಂಗ ಕಚ್ಚಿ ಮುಖ ಹಿಂಡಿದಾಗ, "ಅದು ನಾನರೀ, ಲವಂಗ ಕೊಟ್ಟಾಕಿ!" ಎಂದು ಪಾರಮ್ಮ ಎದ್ದು ಕೂಗಿದಳು. ಎರ್ರಣ್ಣ ಗಂಜಿ ಕುಡಿಯುತ್ತ ಮಿರ್ಚಿಯ ಕಡೆ ಆಸೆಗಣ್ಣು ಬಿಟ್ಟಾಗ, ಎಲ್ಲರಿಗಿಂತ ಜೋರಾಗಿ ನಕ್ಕವನು ತಾತ. ಅವನು ಹಾಗೆ ನಗುವುದನ್ನು ಗುರುಬಸಿ ಎಂದೂ ಕಂಡಿರಲಿಲ್ಲ. ಅವಳ ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು.

ಆಟ ಮುಗಿದ ಮೇಲೆ ಅವಳು ತಾತನ ಕೈ ಹಿಡಿದಳು.

"ತಾತ, ಎರ್ರಣ್ಣ ಮಾಮಗ ಹೇಳಿದ್ದು ನಾನ."

"ಗೊತ್ತೈತಿ ಬಿಡು. ನಮ್ಮ ಮನ್ಯಾಗ ಅಷ್ಟುದ್ದ ನಾಲಿಗಿ ಇನ್ಯಾರಿಗೈತಿ?"

"ಸಿಟ್ಟಿಲ್ಲೇನು?"

ತಾತ ಉತ್ತರ ಕೊಡುವಷ್ಟರಲ್ಲಿ ಗೇಟಿನ ಬಳಿಯಿಂದ ಹಮಾಲಿ ಮರಿಬಸಪ್ಪ ಕೂಗಿದ. "ಮೇಸ್ತ್ರಿ, ಹಲ್ಲು ನೋವು ಹೆಂಗೈತ್ರಿ?"

ದಿನಾ ಇದೇ ಮರಿಬಸಪ್ಪ ತಾತನನ್ನು ಕಂಡರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದ.

ತಾತ ಕೆನ್ನೆಗೆ ಕೈಯಿಟ್ಟುಕೊಂಡ. "ಗಂಜಿ ಕುಡ್ಯಾಕ ಹೊಂಟೀನಪ್ಪಾ!"

ಮುಂದಿನ ತಿರುವಿನಲ್ಲಿ ಹೋಟೆಲ್ಲಿನವರೂ ಅದನ್ನೇ ಕೇಳಿದರು. ತಾತ ನಿಂತು ಅವರಿಗೂ ಉತ್ತರ ಕೊಟ್ಟ. ಆಮೇಲೆ ಎಡಕ್ಕೆ ತಿರುಗುವ ಬದಲು ಬಸ್ ಸ್ಟ್ಯಾಂಡಿನ ಕಡೆ ನಿಧಾನವಾಗಿ ಹೆಜ್ಜೆ ಹಾಕತೊಡಗಿದ.

"ಅಯ್ಯ, ಮನಿ ಈ ಕಡಿ ಐತೆಲ್ಲ..." ಎಂದು ಅಜ್ಜಿ ಬಾಯಿ ತೆರೆದಳು.

ಗುರುಬಸಿ ಅವಳ ಸೆರಗು ಜಗ್ಗಿ ಪಿಸುಗುಟ್ಟಿದಳು.

"ಸುಮ್ನಿರಜ್ಜಿ. ಆ ಕಡಿ ಇನ್ನಾ ಮಂದಿ ಇರ್ತಾರ."